ಕೆಇಎಫ್ ಕ್ಯೂ150 ಸ್ಪೀಕರ್‌ಗೆ ಯಾವ ರಿಸೀವರ್ ತಗೋಬೇಕು? 80 ವ್ಯಾಟ್ ಸಾಕಾಗುತ್ತಾ?

ಮೈಸೂರ್_ಸ್ಟೀರಿಯೋ:
ಎಲ್ರಿಗೂ ನಮಸ್ಕಾರ. ಮನೇಲಿ ಕೆಇಎಫ್ ಕ್ಯೂ150 ಬುಕ್‌ಶೆಲ್ಫ್ ಜೋಡಿ ಇದೆ, ಇಲ್ಲೀವರೆಗೂ ಹಳೇ ಸ್ಟೀರಿಯೋ ಆಂಪ್‌ಗೆ ಹಾಕಿ ಬರೀ ಹಾಡು ಕೇಳ್ತಿದ್ದೆ. ಈಗ ಅದನ್ನೇ ಫ್ರಂಟ್ ಇಟ್ಕೊಂಡು ಸೆಂಟರ್, ಎರಡು ಸರೌಂಡ್, ಒಂದು ಸಬ್‌ವೂಫರ್ ಸೇರಿಸಿ 5.1 ಮಾಡೋಣ ಅಂತಿದೀನಿ, ಆಮೇಲೆ ಸೀಲಿಂಗಲ್ಲಿ ಎರಡು ಸ್ಪೀಕರ್ ಹಾಕಿ ಅಟ್ಮಾಸೂ (ಮೇಲಿಂದಲೂ ಸದ್ದು ಬರೋ ಡಾಲ್ಬಿ ಪದ್ಧತಿ) ಬೇಕು. ಹಾಲ್ 14ಕ್ಕೆ 11 ಅಡಿ, ಅಪಾರ್ಟ್‌ಮೆಂಟು, ಸೋಫಾದಲ್ಲಿ ಕೂತ್ರೆ ಸ್ಪೀಕರ್‌ಗೆ ಸುಮಾರು 10 ಅಡಿ ದೂರ.

ತಲೆ ಕೆಟ್ಟಿರೋದು ವ್ಯಾಟ್ ವಿಷ್ಯದಲ್ಲಿ. ಕಮ್ಮಿ ರೇಟಿನ ಒಂದು 5.1 ರಿಸೀವರ್ (ಎಲ್ಲಾ ಸ್ಪೀಕರ್‌ಗೂ ಸದ್ದು ಹಂಚೋ ಆಂಪ್) ಡಬ್ಬದ ಮೇಲೆ 130 ವ್ಯಾಟ್ ಅಂತಿದೆ, ಅದಕ್ಕಿಂತ ಎಷ್ಟೋ ಜಾಸ್ತಿ ರೇಟಿನ ಡೆನಾನ್ ಎಕ್ಸ್1800ಎಚ್‌ಗೆ 80 ವ್ಯಾಟ್ ಅಂತೆ, ಇದು ಹೆಂಗೆ? ಇನ್ನೊಂದು, ಅಂಗಡಿಯವ್ರು ನಿಮ್ಮ ಸ್ಪೀಕರ್ 100 ವ್ಯಾಟ್‌ದು, ಅದಕ್ಕಿಂತ ದೊಡ್ಡ ರಿಸೀವರ್ ಹಾಕಿದ್ರೆ ಸುಟ್ಟೋಗುತ್ತೆ ಅಂತಾರೆ. ನಿಜಾನಾ? ಚಿಕ್ಕಪ್ಪನ ಮಗ ನ್ಯೂಜೆರ್ಸಿಯಿಂದ ಬರ್ತಿದಾನೆ, ಅಲ್ಲಿ ರೇಟ್ ಕಮ್ಮಿ ಅಂದ, ಅವನ ಕೈಲೇ ತರಿಸ್ಲಾ ಅಂತಾನೂ ಯೋಚನೆ.

ಬಸವನಗುಡಿ_ಬಾಸ್:
ಮೊದಲು ಆ 130ರ ಪಕ್ಕ ಸಣ್ಣಕ್ಷರದಲ್ಲಿ ಏನು ಬರ್ದಿದಾರೆ ಓದಿ ಸರ್. ಸಾಮಾನ್ಯವಾಗಿ 6 ಓಮ್ (ಓಮ್ ಅಂದ್ರೆ ಕರೆಂಟಿಗೆ ಸ್ಪೀಕರ್ ಒಡ್ಡೋ ತಡೆಯ ಅಳತೆ), 1 ಕಿಲೋಹರ್ಟ್ಸ್, ಒಂದೇ ಚಾನೆಲ್ ಅಂತಿರುತ್ತೆ, ಕೆಲವ್ರು ಡಿಸ್ಟಾರ್ಷನ್ (ಸದ್ದು ಕೆಡೋ ಪ್ರಮಾಣ) 10% ಬರೋವರೆಗೂ ಎಳೆದು ಅಳ್ದಿರ್ತಾರೆ. ಎಕ್ಸ್1800ಎಚ್‌ನ 80 ವ್ಯಾಟ್ ಇದೆಯಲ್ಲ, ಅದು 8 ಓಮ್‌ಗೆ, ಎರಡು ಚಾನೆಲ್ ಒಟ್ಟಿಗೆ ಓಡಿಸಿ, 20 ಹರ್ಟ್ಸಿಂದ 20 ಕಿಲೋಹರ್ಟ್ಸ್‌ವರೆಗೆ, 0.08% ಡಿಸ್ಟಾರ್ಷನ್‌ನಲ್ಲಿ ಅಳೆದಿದ್ದು. ಎರಡೂ ಬೇರೆ ಬೇರೆ ಅಳತೆ, ಅಕ್ಕಪಕ್ಕ ಇಟ್ಟು ನೋಡೋ ಹಂಗೇ ಇಲ್ಲ.

ಈಗ ನಿಮ್ಮ ಹಾಲ್‌ಗೆ ಎಷ್ಟು ಬೇಕು ಲೆಕ್ಕ ಹಾಕೋಣ. ಕ್ಯೂ150 ಸೆನ್ಸಿಟಿವಿಟಿ 86 ಡಿಬಿ (ಡೆಸಿಬೆಲ್, ಸದ್ದಿನ ಅಳತೆ), ಅಂದ್ರೆ ಹತ್ತಿರ ಹತ್ತಿರ 1 ವ್ಯಾಟ್ ಕೊಟ್ರೆ 1 ಮೀಟರ್ ದೂರಕ್ಕೆ 86 ಡಿಬಿ. ಬಯಲಲ್ಲಾದ್ರೆ ದೂರ ಡಬಲ್ ಆದಾಗೆಲ್ಲಾ 6 ಡಿಬಿ ಇಳಿಯುತ್ತೆ, ಮನೆ ಒಳಗೆ ಗೋಡೆ ಇರೋದ್ರಿಂದ ಅಷ್ಟು ಇಳಿಯಲ್ಲ, 10 ಅಡಿಗೆ ಒಂದು ಸ್ಪೀಕರಿಂದ 78-79 ಸಿಗುತ್ತೆ ಅಂತ ಇಟ್ಕೊಳಿ. ಪವರ್ ಡಬಲ್ ಮಾಡಿದ್ರೆ ಬರೋದು ಬರೀ 3 ಡಿಬಿ, ಹತ್ತರಷ್ಟು ಮಾಡಿದ್ರೆ 10 ಡಿಬಿ. ಹಂಗಾಗಿ 10 ವ್ಯಾಟ್‌ಗೆ 88-89, ಪೂರ್ತಿ 80 ವ್ಯಾಟ್‌ಗೆ 97-98. ಸಿನಿಮಾ ರೆಫರೆನ್ಸ್ ಲೆವೆಲ್ (ಥಿಯೇಟರಿಗೆ ಗೊತ್ತು ಮಾಡಿರೋ ಸದ್ದಿನ ಮಟ್ಟ) ಅಂತಾರಲ್ಲ, ಅದ್ರಲ್ಲಿ ಒಂದೊಂದು ಚಾನೆಲ್ ಪೀಕ್ 105 ಡಿಬಿ ಮುಟ್ಟುತ್ತೆ, ಈ ಸ್ಪೀಕರ್‌ಗೆ ಅಲ್ಲಿಗೆ ಹೋಗೋಕೆ 400 ವ್ಯಾಟ್ ದಾಟುತ್ತೆ, ಸ್ಪೀಕರೇ ತಡ್ಕೊಳಲ್ಲ, ಅಪಾರ್ಟ್‌ಮೆಂಟಲ್ಲಿ ಯಾರೂ ಅಷ್ಟು ಕೇಳೋದೂ ಇಲ್ಲ. ರೆಫರೆನ್ಸಿಗಿಂತ 15 ಡಿಬಿ ಕೆಳಗೆ ಇಟ್ರೂ ಜೋರಾಗೇ ಇರುತ್ತೆ, ಆಗ ಪೀಕ್‌ಗೆ ಬೇಕಾಗೋದು 12ರಿಂದ 16 ವ್ಯಾಟ್. 80 ಬಿಟ್ಟು 95 ವ್ಯಾಟಿಂದು ತಗೊಂಡ್ರೆ ಸಿಗೋ ಲಾಭ ಮುಕ್ಕಾಲು ಡಿಬಿ, ಕಿವಿಗೆ ಗೊತ್ತೇ ಆಗಲ್ಲ.

ನೀವು ನಿಜವಾಗ್ಲೂ ನೋಡ್ಬೇಕಾದ್ದು ಓಮ್. ಕ್ಯೂ150 ಸ್ಪೆಸಿಫಿಕೇಷನ್‌ನಲ್ಲಿ 8 ಓಮ್ ಅಂತ ಬರ್ದು ಪಕ್ಕದಲ್ಲೇ ಮಿನಿಮಮ್ 3.7 ಅಂತ ಕೊಟ್ಟಿದಾರೆ, ಕೆಲವು ಫ್ರೀಕ್ವೆನ್ಸಿಯಲ್ಲಿ ಅಲ್ಲೀವರೆಗೂ ಇಳಿಯುತ್ತೆ, ಅಲ್ಲಿ ಅದೇ ವಾಲ್ಯೂಮ್‌ಗೆ ರಿಸೀವರ್ ಎರಡರಷ್ಟಕ್ಕಿಂತ ಜಾಸ್ತಿ ಕರೆಂಟ್ ಕೊಡ್ಬೇಕು. ಬರೀ 6 ಓಮ್ ಮೇಲೆ ಅಂತ ಬರ್ದಿರೋ ರಿಸೀವರ್ ಬೇಡ. ಎಕ್ಸ್1800ಎಚ್ 4ರಿಂದ 16 ಓಮ್‌ವರೆಗೆ ತಗೊಳುತ್ತೆ. ಸಬ್ ಹೆಂಗೂ ಹಾಕ್ತೀರ, ಕ್ರಾಸ್‌ಓವರ್ (ಯಾವುದಕ್ಕಿಂತ ಕೆಳಗಿನ ಸದ್ದು ಸಬ್‌ಗೆ ಹೋಗ್ಬೇಕು ಅನ್ನೋ ಗಡಿ) 80 ಹರ್ಟ್ಸ್ ಇಡಿ, ಬೇಸ್ ಹೊರೆ ಎಲ್ಲಾ ಸಬ್‌ನ ಸ್ವಂತ ಆಂಪ್ ನೋಡ್ಕೊಳುತ್ತೆ, ಫ್ರಂಟ್ ಸ್ಪೀಕರೂ ರಿಸೀವರೂ ಎರಡೂ ಹಗುರಾಗ್ತವೆ.

ಸುಡೋ ಮಾತು: 10-100 ವ್ಯಾಟ್ ಅಂತ ಕೆಇಎಫ್ ಕೊಟ್ಟಿರೋದು ಯಾವ ಆಂಪ್ ಹೊಂದುತ್ತೆ ಅನ್ನೋ ಸಲಹೆ. ರಿಸೀವರ್ ಎಷ್ಟು ಕಳಿಸುತ್ತೆ ಅನ್ನೋದು ನಿಮ್ಮ ವಾಲ್ಯೂಮ್ ಕೈಲಿದೆ. ಚಿಕ್ಕ ಆಂಪನ್ನ ಒರಟು ಸದ್ದು ಬರೋವರೆಗೂ ತಿರುಗಿಸಿ ಇಟ್ರೆ ಟ್ವೀಟರ್‌ಗೆ (ಸ್ಪೀಕರ್ ಒಳಗೆ ಕೀಚಲು ಸದ್ದು ಕೊಡೋ ಚಿಕ್ಕ ಭಾಗ) ಅದೂ ಅಪಾಯವೇ.

ಹುಬ್ಬಳ್ಳಿ_ಹೋಮ್_ಥಿಯೇಟರ್:
ಅಮೆರಿಕಾದಿಂದ ತರ್ಸಬ್ಯಾಡ್ರಿ. ಅಲ್ಲಿ ಮಾರೋದು 120 ವೋಲ್ಟ್ 60 ಹರ್ಟ್ಸಿಂದು, ನಮ್ಮಲ್ಲಿ 230 ವೋಲ್ಟ್ 50 ಹರ್ಟ್ಸ್. ಸೀದಾ ಪ್ಲಗ್ಗಿಗೆ ಹಾಕಿದ್ರ ಮುಗೀತು ಅದರ ಕಥಿ, ದೊಡ್ಡ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ಓಡಸಬೇಕಾಗ್ತೈತಿ, ಅದು ಬ್ಯಾರೆ ಗುಂಯ್ ಅಂತಿರ್ತೈತಿ. ಕೆಟ್ರ ಇಲ್ಲಿ ವಾರಂಟಿ ಇಲ್ಲ. ಉಳಿಯೋ ರೊಕ್ಕ ಅಷ್ಟೂ ಅದಕ್ಕ ಹೋಗ್ತೈತಿ, ಇಲ್ಲಿ ಬಿಲ್ ಮಾಡ್ಸಿಯೇ ತಗೋರಿ.

ಇನ್ನ ಅಟ್ಮಾಸ್ ಬೇಕಂದ್ರ ಆ 5.1 ರಿಸೀವರ್ ಲಿಸ್ಟಿನಿಂದಾನ ತೆಗೀರಿ. ಮ್ಯಾಲೆ ಎರಡು ಸ್ಪೀಕರ್ ಅಂದ್ರ 5.1.2, ಅದಕ್ಕ ಏಳು ಚಾನೆಲ್ ಆಂಪ್ ಬೇಕು. ಯಮಹಾದಾಗ ಆರ್‌ಎಕ್ಸ್-ವಿ4ಎಗೆ ಅಟ್ಮಾಸ್ ಇಲ್ಲ, ವಿ6ಎಗೆ ಐತಿ. ಫಾಲ್ಸ್ ಸೀಲಿಂಗ್ ಮಾಡ್ಸೋದಿದ್ರ ಸ್ಪೀಕರ್ ತಗೊಳ್ಳೋಕ್ಕಿಂತ ಮೊದ್ಲ ವೈರ್ ಎಳೆದು ಬಿಡ್ರಿ, 14 ಗೇಜ್ ಶುದ್ಧ ತಾಮ್ರದ್ದು. ಅಲ್ಯೂಮಿನಿಯಂ ಮ್ಯಾಲೆ ತಾಮ್ರದ ಲೇಪ ಇರೋ ವೈರ್ ಸೋವಿ ಸಿಗ್ತೈತಿ, ಅದು ಬ್ಯಾಡ.

ಮೈಸೂರ್_ಸ್ಟೀರಿಯೋ:
ಇಬ್ರಿಗೂ ತುಂಬಾ ಥ್ಯಾಂಕ್ಸ್, ವ್ಯಾಟ್ ಲೆಕ್ಕ ಈಗ ಅರ್ಥ ಆಯ್ತು, ಎಕ್ಸ್1800ಎಚ್ ಹತ್ರಾನೇ ಮನಸ್ಸು ಹೋಗ್ತಿದೆ. ಎರಡೇ ಡೌಟು. ಟಿವಿ ಹಳೇದು, ಬರೀ ಎಆರ್‌ಸಿ (ಟಿವಿ ಸದ್ದನ್ನ ಎಚ್‌ಡಿಎಂಐ ಕೇಬಲಲ್ಲೇ ರಿಸೀವರ್‌ಗೆ ಕಳಿಸೋ ಸೌಲಭ್ಯ) ಇದೆ, ಅದರ ಹೊಸ ರೂಪ ಇಎಆರ್‌ಸಿ ಇಲ್ಲ, ಅಟ್ಮಾಸ್ ಬರುತ್ತಾ? ಮತ್ತೆ ಅಮ್ಮನಿಗೆ ಸಿನಿಮಾದಲ್ಲಿ ಮಾತೇ ಕೇಳಲ್ಲ, ಫೈಟ್ ಬಂದಾಗ ಮಾತ್ರ ಮನೆ ಅದುರುತ್ತೆ, ಅವ್ರಿಗೋಸ್ಕರ ಏನು ಮಾಡ್ಬಹುದು?

ಕುಡ್ಲ_ಡೆಸಿಬೆಲ್:
ಬರ್ತದೆ ಮಾರಾಯ್ರೆ. ಓಟಿಟಿಯಲ್ಲಿ ಅಟ್ಮಾಸ್ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಆಡಿಯೋ ಫಾರ್ಮ್ಯಾಟಿನ ಒಳಗೆ ಕೂತು, ಅದು ಎಆರ್‌ಸಿಯಲ್ಲೂ ಹೋಗ್ತದೆ, ಟಿವಿ ಆ್ಯಪ್ ಅದನ್ನು ಹೊರಗೆ ಕಳಿಸಿದರೆ ಆಯ್ತು. ಬ್ಲೂರೇ ಡಿಸ್ಕಿನ ಟ್ರೂಎಚ್‌ಡಿ ಎಂಬ ದೊಡ್ಡ ಫಾರ್ಮ್ಯಾಟಿಗೆ ಮಾತ್ರ ಇಎಆರ್‌ಸಿ ಬೇಕು, ಪ್ಲೇಯರನ್ನು ನೇರ ರಿಸೀವರಿಗೇ ಹಾಕಿದರೆ ಅದೂ ಬೇಡ. ನೆಟ್‌ಫ್ಲಿಕ್ಸಲ್ಲಿ ಪ್ರೀಮಿಯಂ ಪ್ಲಾನ್ ಇದ್ದರೆ ಮಾತ್ರ ಅಟ್ಮಾಸ್, ಅದೊಂದು ನೋಡಿಕೊಳ್ಳಿ.

ಅಮ್ಮನ ವಿಷಯ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸ್ತದೆ. ಸಿನಿಮಾದ ಮಾತು ಹೆಚ್ಚಿನದ್ದು ಬರುವುದು ಸೆಂಟರಿಂದಲೇ, ಹಾಗಾಗಿ ಸೆಂಟರಲ್ಲಿ ದುಡ್ಡು ಉಳಿಸಬೇಡಿ, ಕೆಇಎಫ್ ಕ್ಯೂ ಸೀರೀಸಿಂದೇ ತಗೊಳ್ಳಿ, ಆಗ ಮೂರೂ ಸ್ಪೀಕರಿನ ದನಿ ಒಂದೇ ಹಾಗೆ ಕೇಳ್ತದೆ. ಅದನ್ನು ಟಿವಿ ಯೂನಿಟಿನ ಗೂಡೊಳಗೆ ತುರುಕದೆ ಅಂಚಿಗೆ ತಂದು ಸ್ವಲ್ಪ ಮೇಲ್ಮುಖ ಮಾಡಿ ಕಿವಿಯ ಕಡೆ ತಿರುಗಿಸಿ. ಆಮೇಲೆ Audyssey ಮಾಡಿ, ಅಂದರೆ ರಿಸೀವರ್ ಮೈಕಿಂದ ಕೋಣೆಯ ಸದ್ದು ಅಳೆದು ತಾನೇ ಹೊಂದಿಸುವುದು. ಎಕ್ಸ್1800ಎಚ್‌ನಲ್ಲಿ ಅದರ ಮಲ್ಟಿಇಕ್ಯೂ ಎಕ್ಸ್‌ಟಿ ಆವೃತ್ತಿ ಉಂಟು, ಎಂಟು ಜಾಗದವರೆಗೆ ಅಳೆಯಬಹುದು. ಮೈಕನ್ನು ಸೋಫಾದ ಮೇಲೆ ಇಡಬೇಡಿ, ಟ್ರೈಪಾಡಲ್ಲಿ ಕಿವಿಯ ಎತ್ತರಕ್ಕೆ ನಿಲ್ಲಿಸಿ, ಫ್ಯಾನ್ ಆಫ್ ಮಾಡಿ, ಕುಕ್ಕರ್ ಕೂಗುವ ಹೊತ್ತಲ್ಲಿ ಬೇಡ. ಮುಗಿದ ಮೇಲೆ ಅದು ಫ್ರಂಟನ್ನು ಲಾರ್ಜ್ (ಬೇಸ್ ಪೂರ್ತಿ ಅದಕ್ಕೇ ಕೊಡುವುದು) ಅಂತ ಇಟ್ಟಿದ್ದರೆ ಸ್ಮಾಲ್ ಮಾಡಿ ಕ್ರಾಸ್‌ಓವರ್ 80ಕ್ಕೆ ತನ್ನಿ, ಸೆಂಟರನ್ನು 2 ಅಥವಾ 3 ಡಿಬಿ ಏರಿಸಿ. ರಾತ್ರಿ ಡೈನಾಮಿಕ್ ವಾಲ್ಯೂಮ್ ಲೈಟ್‌ಗೆ ಹಾಕಿದರೆ ಫೈಟಿನ ಅಬ್ಬರ ಇಳಿದು ಮಾತು ಮೇಲೆ ಬರ್ತದೆ, ಹಾಡು ಕೇಳುವಾಗ ಅದನ್ನು ಆಫ್ ಮಾಡಿ.

ಕೆಲವು ರಿಸೀವರಿನ ಮೆನುವಿನಲ್ಲಿ ಓಮ್ ಆಯ್ಕೆ ಇರ್ತದೆ, ಅದನ್ನು 8ರಲ್ಲೇ ಬಿಡುವುದು ಒಳ್ಳೆಯದು, ಕೆಳಗೆ ಹಾಕಿದರೆ ಸಾಮಾನ್ಯವಾಗಿ ಒಳಗಿನ ವೋಲ್ಟೇಜ್ ಕಮ್ಮಿಯಾಗಿ ಪವರೇ ಇಳೀತದೆ. ನಿಮ್ಮ ಸ್ಪೀಕರ್ 3.7ಕ್ಕೆ ಇಳಿಯುವುದರಿಂದ ರಿಸೀವರ್ ಬಿಸಿಯಾಗ್ತದೆ, ಗಾಳಿಯ ಕಡೆ ಗಮನ ಕೊಡಿ, ಅದನ್ನು ಬಾಗಿಲು ಮುಚ್ಚುವ ಶೋಕೇಸಲ್ಲಿ ಇಡಬೇಡಿ, ಮೇಲೆ ಸೆಟ್‌ಟಾಪ್ ಬಾಕ್ಸೂ ಬೇಡ, ಒಂದು ಗೇಣು ಜಾಗ ಖಾಲಿ ಬಿಡಿ.

ಹುಬ್ಬಳ್ಳಿ_ಹೋಮ್_ಥಿಯೇಟರ್:
ಸೆಂಟರ್ ಮಾತು ಖರೇ. ರೊಕ್ಕ ಒಮ್ಮೆಲೇ ಆಗ್ಲಿಲ್ಲಂದ್ರ ರಿಸೀವರ್, ಸೆಂಟರ್, ಸಬ್ ಮೊದ್ಲ ತಗೋರಿ, 3.1ದಾಗ ನೋಡ್ಕೋತ ಇರ್ರಿ, ಸರೌಂಡ್ ದೀಪಾವಳಿಗೆ ಆಫರ್ ಬಂದಾಗ ನೋಡಿದ್ರಾತು.