ರೀಮಿಕ್ಸ್, ಎಡಿಟ್, ಡಬ್, ಬೂಟ್‌ಲೆಗ್: ಇವನ್ನು ಕನ್ನಡದಲ್ಲಿ ಹೇಗೆ ಬಿಡಿಸಿ ಹೇಳೋಣ?

ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತದ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೌಸ್, ಟೆಕ್ನೊ ಅನ್ನುವ ಪ್ರಕಾರಗಳ ಹೆಸರುಗಳನ್ನು ಹಾಗೇ ಉಳಿಸಿಕೊಂಡೆ. ಸಿಕ್ಕಿಹಾಕಿಕೊಂಡಿರುವುದು ಹಾಡಿನ ಹೆಸರಿನ ಪಕ್ಕ ಕಂಸದಲ್ಲಿ ಬರುತ್ತವಲ್ಲ, ಆ ಮಾತುಗಳಲ್ಲಿ: ರೀಮಿಕ್ಸ್, ಎಡಿಟ್, ಎಕ್ಸ್‌ಟೆಂಡೆಡ್ ಮಿಕ್ಸ್, ಡಬ್, ವಿಐಪಿ, ಬೂಟ್‌ಲೆಗ್, ಮ್ಯಾಶಪ್. ನಮ್ಮಲ್ಲಿ ಇವೆಲ್ಲಕ್ಕೂ ಸೇರಿಸಿ ‘ರೀಮಿಕ್ಸ್’ ಅಂದುಬಿಡುತ್ತೇವೆ. ಡಿಜೆಗಳು ಹಾಗೆ ಅನ್ನುವುದಿಲ್ಲ.

ನನಗೆ ಕಂಡಂತೆ ಎರಡು ಪ್ರಶ್ನೆ ಕೇಳಿದರೆ ಅರ್ಧ ಗೊಂದಲ ಹೋಗುತ್ತದೆ. ಕೈಯಲ್ಲಿ ಏನಿತ್ತು? ಯಾರ ಒಪ್ಪಿಗೆ ಇತ್ತು? ಸ್ಟುಡಿಯೊದಲ್ಲಿ ದನಿ, ಡ್ರಮ್, ಬೇಸ್ ಎಲ್ಲವೂ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಇರುತ್ತವೆ. ಈಗ ಆ ಬಿಡಿ ತುಣುಕುಗಳನ್ನು ಸ್ಟೆಮ್ ಅನ್ನುತ್ತಾರೆ. ಹಾಡಿನ ಹಕ್ಕುದಾರರು ಅವನ್ನು ಇನ್ನೊಬ್ಬರ ಕೈಗೆ ಕೊಟ್ಟು ಹೊಸದಾಗಿ ಕಟ್ಟಿಸಿದರೆ ಅದು ಪಕ್ಕಾ ರೀಮಿಕ್ಸ್. ಎಡಿಟ್ ಮಾಡುವವರ ಹತ್ತಿರ ಸಾಮಾನ್ಯವಾಗಿ ಇರುವುದು ಮುಗಿದ ಹಾಡು ಮಾತ್ರ. ಅದನ್ನೇ ತುಂಡು ಮಾಡಿ, ಬೇಕಾದ ತುಂಡನ್ನು ಮತ್ತೆ ಮತ್ತೆ ಜೋಡಿಸುತ್ತಾರೆ. 1980ರ ದಶಕದಲ್ಲಿ ಷಿಕಾಗೊದ ಡಿಜೆ ರಾನ್ ಹಾರ್ಡಿ ಟೇಪ್ ಕತ್ತರಿಸಿ ಅಂಟಿಸಿ ಮಾಡುತ್ತಿದ್ದುದು ಇದನ್ನೇ.

ಎಡಿಟ್‌ಗೆ ‘ಕತ್ತರಿ’ ಅನ್ನೋಣ ಅಂದುಕೊಂಡೆ. ಆದರೆ ನಮ್ಮಲ್ಲಿ ಕತ್ತರಿ ಹಾಕುವುದು ಅಂದರೆ ಮೊಟಕು ಮಾಡುವುದು. ರೇಡಿಯೊ ಎಡಿಟ್‌ಗೆ ಅದು ಸರಿಹೋಗುತ್ತದೆ, ಅದು 3-4 ನಿಮಿಷಕ್ಕೆ ಇಳಿಸಿದ ಹಾಡು. ಡಿಜೆಗಳು ಮಾಡುವ ಎಡಿಟ್ ಎಷ್ಟೋ ಸಲ ಮೂಲಕ್ಕಿಂತ ಉದ್ದವಾಗಿರುತ್ತದೆ. ಆಗ ಕತ್ತರಿ ಎಲ್ಲಿ ಬಂತು?

ಉದ್ದ ಮಾಡುವುದಕ್ಕೂ ಕಾರಣ ಉಂಟು. ಎಕ್ಸ್‌ಟೆಂಡೆಡ್ ಮಿಕ್ಸ್‌ನಲ್ಲಿ ಶುರುವಿಗೂ ಕೊನೆಗೂ ಬರೀ ಬೀಟ್ ಇರುತ್ತದೆ. ಒಂದು ಹಾಡು ಮುಗಿಯುವಾಗ ಇನ್ನೊಂದನ್ನು ಅದರ ಮೇಲೆ ಕೂಡಿಸಲು ಡಿಜೆಗೆ ಆ ಜಾಗ ಬೇಕು. 1970ರ ದಶಕದ ನ್ಯೂಯಾರ್ಕ್‌ನಲ್ಲಿ ಟಾಮ್ ಮೌಲ್ಟನ್ ಡಿಸ್ಕೊ ಹಾಡುಗಳನ್ನು ಹೀಗೆ ಹಿಗ್ಗಿಸುವುದಕ್ಕೆ ಹೆಸರಾದರು. 7 ಇಂಚಿನ ಗ್ರಾಮಫೋನ್ ತಟ್ಟೆಯಲ್ಲಿ ಅಷ್ಟುದ್ದದ ಹಾಡು ಜೋರಾಗಿ ಕೂರುತ್ತಿರಲಿಲ್ಲ, 12 ಇಂಚಿನದು ಬಂತು. 1976ರಲ್ಲಿ ಸಾಲ್‌ಸೋಲ್ ಕಂಪನಿ ಅಂಗಡಿಗೆ ಬಿಟ್ಟ ‘ಟೆನ್ ಪರ್ಸೆಂಟ್’ ಹಾಡು ಅಂಥ ಮೊದಲ ಸಿಂಗಲ್‌ಗಳಲ್ಲಿ ಒಂದು. ಡಿಜೆ ವಾಲ್ಟರ್ ಗಿಬನ್ಸ್ ಅದನ್ನು 9 ನಿಮಿಷ ಮೀರುವಂತೆ ಎಳೆದಿದ್ದರು. ಇದಕ್ಕೆ ‘ಹಿಗ್ಗಿಸಿದ ಮಿಕ್ಸ್’ ಅಂದರೆ ಸಾಕು ಅನ್ನಿಸುತ್ತದೆ.

ನಿಜವಾದ ತಲೆನೋವು ಡಬ್. ಕನ್ನಡಿಗರಿಗೆ ಡಬ್ ಅಂದ ಕೂಡಲೇ ನೆನಪಾಗುವುದು ಸಿನಿಮಾ ಡಬ್ಬಿಂಗ್. ಬೇಕೋ ಬೇಡವೋ ಅಂತ ನಾವು ವರ್ಷಗಟ್ಟಲೆ ಜಗಳವಾಡಿದ ಪದ ಅದು. ಅಲ್ಲಿ ದನಿ ಕೂಡಿಸುತ್ತಾರೆ, ಇಲ್ಲಿ ದನಿ ತೆಗೆಯುತ್ತಾರೆ! ಜಮೈಕಾದಲ್ಲಿ 1960ರ ದಶಕದ ಕೊನೆಗೆ ಹಾಡುಗಾರರ ದನಿ ಇಲ್ಲದ ‘ವರ್ಷನ್’ಗಳು ಸೌಂಡ್ ಸಿಸ್ಟಂ ಕುಣಿತಗಳಲ್ಲಿ (ದೊಡ್ಡ ಸ್ಪೀಕರ್‌ಗಳನ್ನಿಟ್ಟು ರೆಕಾರ್ಡ್ ಹಾಕಿ ಕುಣಿಯುವ ಕೂಟಗಳಲ್ಲಿ) ಜನರಿಗೆ ಹಿಡಿಸಿದವು. ಆಮೇಲೆ ಕಿಂಗ್‌ಸ್ಟನ್‌ನ ಕಿಂಗ್ ಟಬ್ಬಿ, ಟ್ರ್ಯಾಕ್‌ಗಳನ್ನು ಏರಿಸಿ ಇಳಿಸಿ ಕೂಡಿಸುವ ಮಿಕ್ಸಿಂಗ್ ಡೆಸ್ಕನ್ನೇ ವಾದ್ಯ ಮಾಡಿಕೊಂಡರು. ಮೂಲತಃ ಅವರು ರೇಡಿಯೊ, ಆಂಪ್ಲಿಫೈಯರ್ ರಿಪೇರಿಯವರು. ದನಿಯ ಒಂದು ಚೂರು ಬಿಟ್ಟು, ಡ್ರಮ್ ಬೇಸ್ ಮುಂದೆ ತಂದು, ಮಿಕ್ಕಿದ್ದನ್ನು ಎಕೊದಲ್ಲಿ, ಅಂದರೆ ಪ್ರತಿಧ್ವನಿಯಲ್ಲಿ, ತೇಲಿಸುತ್ತಿದ್ದರು. ಹೌಸ್ ಹಾಡುಗಳ ‘ಡಬ್ ಮಿಕ್ಸ್’ ಇದರ ಮೊಮ್ಮಗು. ‘ಡಬ್ ಮಾಡಿದ ಹಾಡು’ ಅಂತ ಬರೆದರೆ ಓದುಗರು ತೆಲುಗಿನಿಂದ ಬಂದಿದ್ದು ಅಂದುಕೊಳ್ಳುತ್ತಾರೆ, ಅಲ್ವಾ?

ವಿಐಪಿ ಕೂಡ ಹಾಗೇ ದಾರಿ ತಪ್ಪಿಸುತ್ತದೆ. ಜಂಗಲ್, ಡ್ರಮ್ ಆಂಡ್ ಬೇಸ್ ಅನ್ನುವ ವೇಗದ ಡ್ಯಾನ್ಸ್ ಸಂಗೀತದ ವಲಯದಲ್ಲಿ ಅದನ್ನು ‘ವೇರಿಯೇಷನ್ ಇನ್ ಪ್ರೊಡಕ್ಷನ್’ ಎಂದು ಬಿಡಿಸುತ್ತಾರೆ. ಹಾಡು ಮಾಡಿದವರೇ ತಮ್ಮ ಹಾಡನ್ನು ಮತ್ತೆ ತಿದ್ದಿದರೆ ಅದು ವಿಐಪಿ.

ಬೂಟ್‌ಲೆಗ್‌ಗೆ ಮಾತ್ರ ನಮ್ಮಲ್ಲೇ ಗಟ್ಟಿ ಪದ ಇದೆ. ಇಂಗ್ಲಿಷಿನಲ್ಲಿ ಅದು ಬೂಟಿನೊಳಗೆ ಬಚ್ಚಿಟ್ಟು ಸಾಗಿಸಿದ ಹೆಂಡದಿಂದ ಬಂದಿದ್ದು. ಹಾಗಾದರೆ ‘ಕಳ್ಳಭಟ್ಟಿ ರೀಮಿಕ್ಸ್’ ಯಾಕಾಗಬಾರದು? ಒಪ್ಪಿಗೆ ಇಲ್ಲ, ಆದರೆ ಗಿರಾಕಿ ಇದ್ದಾರೆ. 2004ರಲ್ಲಿ ಅಮೆರಿಕದ ಸಂಗೀತ ನಿರ್ಮಾಪಕ ಡೇಂಜರ್ ಮೌಸ್ ಜೇ-ಜೀಯ ರ‍್ಯಾಪ್ ದನಿಯನ್ನು ಬೀಟಲ್ಸ್ ಸಂಗೀತದ ತುಣುಕುಗಳ ಜೊತೆ ಕೂಡಿಸಿದ ಆಲ್ಬಂ ಹರಡದಂತೆ ಬೀಟಲ್ಸ್ ರೆಕಾರ್ಡಿಂಗ್‌ಗಳ ಹಕ್ಕಿದ್ದ ಇಎಂಐ ಕಂಪನಿ ತಡೆಯಲು ನೋಡಿತು. ಅದು ಇನ್ನಷ್ಟು ಹರಡಿತು. ಬೇರೆ ಬೇರೆ ಹಾಡುಗಳನ್ನು ಒಂದರೊಳಗೊಂದು ಕೂಡಿಸಿದ್ದರಿಂದ ಅದು ಮ್ಯಾಶಪ್ ಕೂಡ ಹೌದು. ಮ್ಯಾಶಪ್‌ಗೆ ‘ಕಲಸುಮೇಲೋಗರ’ ಬಾಯಿಗೆ ಬರುತ್ತದೆ, ಆದರೆ ಅದರಲ್ಲಿ ಬೈಗುಳದ ವಾಸನೆ ಜಾಸ್ತಿ. ‘ಜೋಡಿಹಾಡು’ ಅಂದರೆ ಯುಗಳಗೀತೆ ಆಗಿಬಿಡುತ್ತದೆ.

ಇನ್ನೊಂದು ತೊಡಕು. 2000ದ ಆಚೀಚೆ ಹಳೆಯ ಹಿಂದಿ ಹಾಡುಗಳ ‘ರೀಮಿಕ್ಸ್’ ಕ್ಯಾಸೆಟ್‌ಗಳು ಬಂದವಲ್ಲ, ಅವುಗಳಲ್ಲಿ ಬಹಳಷ್ಟರಲ್ಲಿ ಮೂಲ ರೆಕಾರ್ಡಿಂಗೇ ಇರಲಿಲ್ಲ. ಬೇರೆಯವರು ಮತ್ತೆ ಹಾಡಿ, ಬೀಟ್ ಹಾಕಿದ್ದು. ಕಾನೂನಿನ ಚರ್ಚೆಗಳಲ್ಲಿ ಅದನ್ನು ‘ವರ್ಷನ್ ರೆಕಾರ್ಡಿಂಗ್’ ಅನ್ನುತ್ತಿದ್ದರು. 2012ರ ತಿದ್ದುಪಡಿ ಆದಮೇಲೆ ಕಾಪಿರೈಟ್ ಕಾಯ್ದೆಯ 31ಸಿ ಸೆಕ್ಷನ್ ಇದನ್ನು ‘ಕವರ್ ವರ್ಷನ್’ ಅನ್ನುತ್ತದೆ. ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಮತ್ತೆ 5 ವರ್ಷ ಕಳೆಯುವವರೆಗೆ ಮಾಡುವಂತಿಲ್ಲ ಅನ್ನುತ್ತದೆ. ಹೀಗಾಗಿ ‘ರೀಮಿಕ್ಸ್’ ಪದವನ್ನು ಹಾಗೇ ಬಿಟ್ಟರೂ ಕನ್ನಡದ ಓದುಗರ ಮನಸ್ಸಿನಲ್ಲಿ ಬೇರೆಯದೇ ಮೂಡಬಹುದು.

‘ಮರುಬೆರಕೆ’ ಅನ್ನುವ ಸಲಹೆ ಯಾರಾದರೂ ಕೊಡುತ್ತಾರೆ ಅಂತ ಗೊತ್ತು. ಬೆರಕೆ ಅಂದರೆ ನನಗೆ ಹಾಲಿಗೆ ನೀರು ಕಲಸಿದ್ದೇ ಕಾಣುತ್ತದೆ. ಡಬ್, ವಿಐಪಿ ಹಾಗೇ ಇರಲಿ, ಮೊದಲ ಸಲ ಬಂದಾಗ ಒಂದು ವಾಕ್ಯದ ವಿವರಣೆ ಕೊಡೋಣ ಎನ್ನುವುದು ನನ್ನ ಸದ್ಯದ ನಿಲುವು.

ಇನ್ನು ನನ್ನ ಪ್ರಶ್ನೆಗಳು. ಉತ್ತರ ಕರ್ನಾಟಕದ ಜಾನಪದ ಡಿಜೆ ಹಾಡುಗಳನ್ನು ಮಾಡುವವರ ಜೊತೆ ಒಡನಾಟ ಇರುವವರು ಇಲ್ಲಿ ಇದ್ದೀರಾ? ಒಂದೇ ಹಾಡನ್ನು ಗಣಪತಿ ಮೆರವಣಿಗೆಗೆ ಒಂದು ಥರ, ಮದುವೆಗೆ ಇನ್ನೊಂದು ಥರ ಮಾಡಿದಾಗ ತಮ್ಮತಮ್ಮಲ್ಲಿ ಅವಕ್ಕೆ ಏನನ್ನುತ್ತಾರೆ? ಹಾಡಿನ ನಡುವೆ ಡಿಜೆಯ ಹೆಸರನ್ನು ಕೂಗಿಸುತ್ತಾರಲ್ಲ, ಅದಕ್ಕೊಂದು ಪದ ಇದೆಯೇ? ಎಡಿಟ್‌ಗೆ ಕತ್ತರಿಗಿಂತ ಒಳ್ಳೆಯದು ಹೊಳೆದರೆ ಅದನ್ನೂ ಬರೆಯಿರಿ.