ಪದಚರ್ಚೆ: ಫ್ಲ್ಯಾಷಿನ ‘ಗೈಡ್ ನಂಬರ್’ಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ:
ಮ್ಯಾನ್ಯುಯಲ್ ಫ್ಲ್ಯಾಷಿನ (ಶಕ್ತಿಯನ್ನು ಕೈಯಾರೆ ಹೊಂದಿಸುವ ಕ್ಯಾಮೆರಾ ಫ್ಲ್ಯಾಷ್) ಕೈಪಿಡಿಯೊಂದನ್ನು ಕನ್ನಡಕ್ಕೆ ತರುವಾಗ ‘ಗೈಡ್ ನಂಬರ್ 32, ಮೀಟರ್, ಐಎಸ್‌ಒ 100’ ಎಂಬ ಸಾಲು ಎದುರಾಗಿದೆ. ‘ಮಾರ್ಗಸೂಚಿ ಸಂಖ್ಯೆ’ ಎಂದು ಬರೆದರೆ ಸುತ್ತೋಲೆಯ ಕ್ರಮಾಂಕದಂತೆ ಕೇಳುತ್ತದೆ. ‘ಬೆಳಕಿನ ಎಟುಕು’ ಆಗಬಹುದೇ? ಸಂಖ್ಯೆ ಎಂದ ಮೇಲೆ ಮೀಟರ್ ಏಕೆ ಬಂತು?

ಉತ್ತರ:
‘ಎಟುಕು’ ಬೇಡ. ಬೆಳಕು 32 ಮೀಟರ್ ದೂರ ಮುಟ್ಟುತ್ತದೆ ಎಂದು ಓದುಗರು ನಂಬಿಬಿಡುತ್ತಾರೆ. ಮಸೂರದ ದ್ವಾರ ಎಫ್/1 ಇದ್ದಾಗ ಮಾತ್ರ ಅದು ನಿಜ. ಗೈಡ್ ನಂಬರ್ ಒಂದು ಗುಣಲಬ್ಧ: ಫ್ಲ್ಯಾಷಿನಿಂದ ವಸ್ತುವಿಗಿರುವ ದೂರವನ್ನು ಎಫ್ ಸಂಖ್ಯೆಯಿಂದ (ದ್ವಾರದ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ದ್ವಾರ ದೊಡ್ಡದು) ಗುಣಿಸಿದರೆ ಬರುವುದು. ಗಮನಿಸಿ, ಕ್ಯಾಮೆರಾದಿಂದ ಅಲ್ಲ, ಫ್ಲ್ಯಾಷಿನಿಂದ. ದೂರ ಎರಡರಷ್ಟಾದರೆ ವಸ್ತುವಿನ ಮೇಲೆ ಬೀಳುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಎಫ್ ಸಂಖ್ಯೆ ಅರ್ಧವಾದರೆ ದ್ವಾರದ ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ. ಒಂದರ ನಷ್ಟ ಇನ್ನೊಂದರಲ್ಲಿ ತುಂಬಿಕೊಳ್ಳುವುದರಿಂದ ಗುಣಲಬ್ಧ ಬದಲಾಗದು.

ಬಳಸುವಾಗ ಭಾಗಿಸಬೇಕು. ವಸ್ತು 4 ಮೀಟರ್ ದೂರದಲ್ಲಿದ್ದರೆ 32 ÷ 4, ಅಂದರೆ ಎಫ್/8. ದೂರವನ್ನು ಮೀಟರಿನಲ್ಲಿ ಅಳೆದದ್ದರಿಂದ ಮೀಟರ್ ಜೊತೆಗೆ ಬಂದಿದೆ; ಇದೇ ಫ್ಲ್ಯಾಷಿಗೆ ಅಡಿಯ ಲೆಕ್ಕದಲ್ಲಿ 105. ಅನುವಾದದಲ್ಲಿ ‘ಮೀಟರ್’ ಪದವನ್ನು ಮಾತ್ರ ಬಿಡಲೇಬಾರದು. ಹಳೆಯ ವಿವಿಟಾರ್ 283 ಫ್ಲ್ಯಾಷಿನ ‘120’ ಅಡಿಯ ಸಂಖ್ಯೆ. ಅದನ್ನು ಮೀಟರ್ ಎಂದುಕೊಂಡು ಭಾಗಿಸಿದರೆ ಚಿತ್ರ ಸುಮಾರು ಮೂರೂವರೆ ಸ್ಟಾಪ್ ಕತ್ತಲಾಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು ಅಥವಾ ಅರ್ಧದಷ್ಟು ಆಗುವುದು).

ಐಎಸ್‌ಒವನ್ನು, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಅಳತೆಯನ್ನು, 400ಕ್ಕೆ ಏರಿಸಿದರೆ 32 ಇದ್ದದ್ದು 64 ಆಗುತ್ತದೆ, 200ಕ್ಕಾದರೆ 1.4ರಿಂದ ಗುಣಿಸಿ, 45. ಹೆಚ್ಚಿನವರು ಎಡವುವುದು ಶಕ್ತಿ ತಗ್ಗಿಸುವಾಗ. ಅರ್ಧ ಶಕ್ತಿಗೆ ಸಂಖ್ಯೆಯೂ ಅರ್ಧ ಎಂದು 16 ಹಿಡಿಯುತ್ತಾರೆ. ಸರಿಯಾದದ್ದು 23, ಕಾಲು ಶಕ್ತಿಗೆ 16, ಹದಿನಾರನೇ ಒಂದಕ್ಕೆ 8. ಅರ್ಧ ಶಕ್ತಿಯಲ್ಲಿ 16 ಹಿಡಿದರೆ ಒಂದು ಸ್ಟಾಪ್ ಹೆಚ್ಚು ಬೆಳಕು ಬಿದ್ದು ಮುಖ ಬೆಳ್ಳಗಾಗುತ್ತದೆ.

ಬೆಳಕಿನ ಹರವನ್ನು ಹಿಗ್ಗಿಸಿ ಕುಗ್ಗಿಸುವ ಜೂಮ್ ತಲೆಯ ಫ್ಲ್ಯಾಷುಗಳಲ್ಲಿ ಪೆಟ್ಟಿಗೆಯ ಮೇಲಿನ ಅಂಕಿ ಯಾವ ಸ್ಥಾನದ್ದು ಎಂದು ನೋಡಬೇಕು. ಯೊಂಗ್‌ನುವೊ ವೈಎನ್560ರ 58 ಸಿಗುವುದು ತಲೆ 105 ಮಿಮೀ ಸ್ಥಾನದಲ್ಲಿದ್ದಾಗ. 35ಕ್ಕೆ ತಂದರೆ ಬೆಳಕು ಹರಡಿ ಸಂಖ್ಯೆ ಇಳಿಯುತ್ತದೆ. ಬೆಳಕನ್ನು ಚಾವಣಿಗೆ ಬೌನ್ಸ್ ಮಾಡುವಾಗ (ತಟ್ಟಿಸಿ ಮರಳಿಸುವಾಗ) ಫ್ಲ್ಯಾಷಿನಿಂದ ಚಾವಣಿಗೆ, ಅಲ್ಲಿಂದ ವಸ್ತುವಿಗೆ, ಎರಡೂ ದೂರ ಕೂಡಿಸಿ. 1.5ಕ್ಕೆ 2.5 ಸೇರಿ 4 ಮೀಟರ್ ಆದರೆ ಲೆಕ್ಕದ ಎಫ್/8ರಿಂದ ಎರಡು ಸ್ಟಾಪ್ ತೆರೆದು ಎಫ್/4ರಿಂದ ಶುರುಮಾಡಿ, ಏಕೆಂದರೆ ಬಿಳಿ ಸುಣ್ಣದ ಚಾವಣಿಯೂ ಬೆಳಕನ್ನು ಹೀರುತ್ತದೆ, ಚೆದುರಿಸುತ್ತದೆ. ರಾತ್ರಿ ಬಯಲಿನಲ್ಲಿ ನೇರ ಫ್ಲ್ಯಾಷ್ ಹಾಕಿದರೆ ಬೆಳಕನ್ನು ಮರಳಿಸಲು ಗೋಡೆಗಳಿಲ್ಲ. ಅಲ್ಲಿ ಲೆಕ್ಕಕ್ಕಿಂತ ಒಂದು ಸ್ಟಾಪ್ ಹೆಚ್ಚಿಗೆ ತೆರೆಯಬೇಕು.

ಷಟರ್ ವೇಗ ಈ ಲೆಕ್ಕದಲ್ಲಿ ಬರುವುದಿಲ್ಲ. ಸಿಂಕ್ ವೇಗ (ಫ್ಲ್ಯಾಷ್ ಬೆಳಗುವಾಗ ಷಟರ್ ಪೂರ್ತಿ ತೆರೆದಿರುವ ಗರಿಷ್ಠ ವೇಗ) ಮೀರಿದರೆ ಚಿತ್ರದ ಒಂದು ಭಾಗ ಕಪ್ಪು ಪಟ್ಟಿಯಾಗುತ್ತದೆ, ಅಷ್ಟೆ. ಉರಿದುಹೋಗುವ ಬಲ್ಬುಗಳ ಕಾಲದ ಪುಸ್ತಕಗಳಲ್ಲಿ ಒಂದೇ ಬಲ್ಬಿಗೆ ಷಟರ್ ವೇಗಕ್ಕೊಂದು ಗೈಡ್ ನಂಬರ್ ಇರುತ್ತಿತ್ತು. ಅಂಥ ಕೋಷ್ಟಕ ಕಂಡರೆ ಅಚ್ಚಿನ ತಪ್ಪೆಂದು ತಿದ್ದಬೇಡಿ.

ಪದದ ಮಾತಿಗೆ ಬಂದರೆ, ಸ್ಟುಡಿಯೋದಲ್ಲಿ ಎಲ್ಲರೂ ಆಡುವ ‘ಗೈಡ್ ನಂಬರ್’ ಅನ್ನೇ ಇಟ್ಟು, ಮೊದಲ ಸಲ ಬಂದಲ್ಲಿ ‘ದೂರ × ಎಫ್ ಸಂಖ್ಯೆ’ ಎಂದು ಬಿಡಿಸಿ ಹೇಳುವುದೇ ಒಳ್ಳೆಯದು. ಜರ್ಮನ್ನಿನ ‘ಲೈಟ್‌ಸಾಲ್’ ಕೇಳಿ ಬೆಳಕಿಗೆ ನಂಟು ಹಾಕಬೇಡಿ. ಅಲ್ಲಿನ ‘ಲೈಟ್’ ಎಂದರೆ ದಾರಿ ತೋರುವುದು.

ಇನ್ನೊಂದು ಉತ್ತರ:
ಸೂಚ್ಯಂಕ, ಬುದ್ಧ್ಯಂಕಗಳ ಜಾಡಿನಲ್ಲಿ ‘ಫ್ಲ್ಯಾಷ್ ಅಂಕ’ ಎನ್ನಬಹುದು. ‘ಫ್ಲ್ಯಾಷ್ ಗುಣಾಂಕ’ ಬೇಡ. ಗುಣಾಂಕ ಗುಣಿಸುವ ಅಂಕಿ, ಇದು ಗುಣಿಸಿ ಬಂದದ್ದು. ಇದಕ್ಕಿಂತ ಹೆಚ್ಚು ಗೊಂದಲ ತರುವುದು ಕ್ರಿಯಾಪದ. ‘ದ್ವಾರ ಹೆಚ್ಚಿಸಿ’ ಎಂದರೆ 5.6ರಿಂದ 8ಕ್ಕೆ ಹೋಗಬೇಕೋ 4ಕ್ಕೋ ತಿಳಿಯದು. ‘ಒಂದು ಸ್ಟಾಪ್ ತೆರೆಯಿರಿ’, ‘ಒಂದು ಸ್ಟಾಪ್ ಮುಚ್ಚಿ’ ಎಂದೇ ಬರೆಯಿರಿ.