ಅಪ್‌ಡೇಟ್: ಆನ್‌ಲೈನ್ ತರಗತಿಯಲ್ಲಿ ಮಕ್ಕಳ ಪ್ರಸ್ತುತಿ

ಡೊಂಬಿವಲಿಯ ನಮ್ಮ ಭಾನುವಾರದ ಆನ್‌ಲೈನ್ ಕನ್ನಡ ತರಗತಿಯಲ್ಲಿ ಮಕ್ಕಳು ಪರದೆ ಹಂಚಿಕೊಳ್ಳುವ ಗಡಿಬಿಡಿಯಲ್ಲೇ ಹೊತ್ತು ಕಳೆಯುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಜೂಮ್‌ನ ಉಚಿತ ಖಾತೆ 40 ನಿಮಿಷಕ್ಕೇ ಬಾಗಿಲು ಹಾಕುತ್ತದಲ್ಲ!

ನೀವು ಹೇಳಿದಂತೆ ಸ್ಲೈಡುಗಳನ್ನು ಶನಿವಾರವೇ ತರಿಸಿಕೊಂಡು ನಾನೇ ತೋರಿಸಿದೆ. ಘಾರಾಪುರಿಯ (ಎಲಿಫೆಂಟಾ ಗುಹೆಗಳ) ಮೂರು ಮುಖದ ಸದಾಶಿವನ ಬಗ್ಗೆ ಹೇಳುತ್ತಿದ್ದ ಹುಡುಗ, ಹಿಂದೆ ಕುಕ್ಕರ್ ಕೂಗುತ್ತಿದ್ದರೂ, “ಟೀಚರ್, ಮುಂದಿನದು” ಎನ್ನುತ್ತಾ ಸರಾಗವಾಗಿ ಮುಗಿಸಿದ. ಸ್ಲೈಡಿನಲ್ಲಿ ವಿಡಿಯೊ ಇದ್ದವರಿಗಾಗಿ ಧ್ವನಿ ಹಂಚಿಕೆಯ ಆಯ್ಕೆಗೆ ಮೊದಲೇ ಟಿಕ್ ಹಾಕಿದ್ದೆ.

ಕೇಳುಗರು ಚಾಟ್‌ನಲ್ಲಿ ಒಂದೊಂದು ಪ್ರಶ್ನೆ ಬರೆಯಬೇಕೆಂಬ ನಿಯಮ ಅರ್ಧ ಮಾತ್ರ ಫಲಿಸಿತು: “ಚೆನ್ನಾಗಿತ್ತು” ಎಂಬುದೂ ಪ್ರಶ್ನೆಯಂತೆ! ಕ್ಯಾಮೆರಾ ಕಡ್ಡಾಯ ಮಾಡಿ ಎಂಬ ಸಲಹೆಯನ್ನು ಒಪ್ಪಲಿಲ್ಲ. ಒಂದೇ ಕೋಣೆಯ ಮನೆಗಳಿಂದ ಸೇರುವ ಮಕ್ಕಳೂ ಇದ್ದಾರೆ. ಮುಂದಿನ ವಾರ ಯಾರು ಪ್ರಶ್ನೆ ಕೇಳಬೇಕೆಂದು ಮೊದಲೇ ಗೊತ್ತುಮಾಡುತ್ತೇನೆ.